ಎ++ ಬಂದಿರೋದು ಕಾಲೇಜಿಗೆ, ನೀವು ಸೇರೋದು ಕೋರ್ಸಿಗೆ

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ಬೆಂಗಳೂರಿನ ಹೋರ್ಡಿಂಗು, ಬಸ್ಸಿನ ಬೆನ್ನು, ಪತ್ರಿಕೆಯ ಮುಖಪುಟ ಎಲ್ಲವೂ ಕಾಲೇಜುಗಳ ಪಾಲು. ಜಾಹೀರಾತಿನಲ್ಲಿ ಮೂರು ಮಾತು ಕಾಯಂ: ನ್ಯಾಕ್ (ಕಾಲೇಜುಗಳ ಗುಣಮಟ್ಟ ತೂಗುವ ರಾಷ್ಟ್ರೀಯ ಸಂಸ್ಥೆ) ಗ್ರೇಡು, ಶೇ 100 ಪ್ಲೇಸ್‌ಮೆಂಟ್, ಅತಿ ಹೆಚ್ಚಿನ ಪ್ಯಾಕೇಜ್ ಇಷ್ಟು ಲಕ್ಷ. ಮೂರೂ ನಿಜವೇ ಇರಬಹುದು. ಆದರೆ ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಮೂರು-ನಾಲ್ಕು ವರ್ಷ ಕೂರಬೇಕಾದ ಆ ಒಂದು ಕೋರ್ಸು ಹೇಗಿದೆ ಅನ್ನುವುದನ್ನು ಮೂರರಲ್ಲಿ ಒಂದೂ ಹೇಳುವುದಿಲ್ಲ. ಒಂದೇ ಕಾಂಪೌಂಡಿನೊಳಗೆ ಗಟ್ಟಿ ಬಿಎಸ್ಸಿಯೂ ಇರುತ್ತದೆ, ಪೊಳ್ಳು ಬಿಸಿಎಯೂ ಇರುತ್ತದೆ. ಗೇಟಿನ ಮೇಲಿನ ಬೋರ್ಡು ಮಾತ್ರ ಎರಡಕ್ಕೂ ಒಂದೇ.

ನ್ಯಾಕ್ ವಿಷಯ ಮೊದಲು ಮುಗಿಸಿಬಿಡೋಣ. 1994ರಲ್ಲಿ ಶುರುವಾದ ಈ ಸಂಸ್ಥೆಯ ಮುಖ್ಯ ಕಚೇರಿ ನಮ್ಮ ನಾಗರಭಾವಿಯಲ್ಲೇ ಇದೆ. ಅದು ತೂಗುವುದು ಇಡೀ ಕಾಲೇಜನ್ನು, ಏಳು ಮಾನದಂಡಗಳಲ್ಲಿ. 4ಕ್ಕೆ 3.51 ಮುಟ್ಟಿದರೆ ಎ++, 3.26ರಿಂದ 3.50ರವರೆಗೆ ಎ+, 3.01ರಿಂದ 3.25ರವರೆಗೆ ಎ. ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜಾದರೆ ಒಟ್ಟು 1000 ಅಂಕದಲ್ಲಿ ಪಾಠ ಮತ್ತು ಮೌಲ್ಯಮಾಪನಕ್ಕೆ 350. ಉಳಿದದ್ದು ಕಟ್ಟಡ, ಸಂಶೋಧನೆ, ಆಡಳಿತ, ವಿದ್ಯಾರ್ಥಿ ಸೌಲಭ್ಯ ಹೀಗೆ ಹಂಚಿಹೋಗುತ್ತದೆ. ಅಂಕಗಳಲ್ಲಿ ಬಹುಪಾಲು ಕಾಲೇಜೇ ತುಂಬಿಕೊಟ್ಟ ಅಂಕಿಅಂಶದಿಂದ ಬರುತ್ತದೆ. 2025ರ ಫೆಬ್ರವರಿಯಲ್ಲಿ ಗ್ರೇಡಿಗಾಗಿ ಲಂಚ ಪಡೆದ ಆರೋಪದ ಮೇಲೆ ತಪಾಸಣಾ ಸಮಿತಿಯವರನ್ನೇ ಸಿಬಿಐ ಬಂಧಿಸಿತ್ತು. ಗ್ರೇಡ್ ಪದ್ಧತಿಯನ್ನೇ ಕೈಬಿಟ್ಟು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ವ್ಯವಸ್ಥೆಗೆ ಹೋಗುವುದಾಗಿ ನ್ಯಾಕ್ 2024ರಲ್ಲೇ ಪ್ರಕಟಿಸಿತ್ತು.

ಹಾಗಂತ ನ್ಯಾಕ್ ಕಾಗದಗಳನ್ನು ಬದಿಗೆ ಸರಿಸಬೇಡಿ, ಅವುಗಳಲ್ಲಿ ಎರಡು ಹಾಳೆ ಉಪಯೋಗಕ್ಕೆ ಬರುತ್ತವೆ. ಪ್ರಮಾಣಪತ್ರದ ಜೊತೆ ಮಾನದಂಡವಾರು ಅಂಕಪಟ್ಟಿ ಕೊಡುತ್ತಾರೆ. ಅದರಲ್ಲಿ ಎರಡನೇ ಮಾನದಂಡ, ಅಂದರೆ ಬೋಧನೆ-ಕಲಿಕೆ-ಮೌಲ್ಯಮಾಪನದ ಸಾಲು ನೋಡಿ. ಕಟ್ಟಡಕ್ಕೆ 3.8 ಬಂದು ಬೋಧನೆಗೆ 2.7 ಬಂದಿದ್ದರೆ ಗ್ರೇಡು ಎಲ್ಲಿಂದ ಬಂತು ಅನ್ನುವುದು ಗೊತ್ತಾಗುತ್ತದೆ. ಇನ್ನೊಂದು ಪೀರ್ ಟೀಂ ವರದಿ, ಅಂದರೆ ಕಾಲೇಜಿಗೆ ಬಂದು ನೋಡಿದ ತಪಾಸಣಾ ಸಮಿತಿಯ ವರದಿ. ಅದರಲ್ಲಿ ಸಂಸ್ಥೆಯ ದೌರ್ಬಲ್ಯಗಳು ಅಂತ ಒಂದು ಭಾಗ ಇರುತ್ತದೆ. ಬಹಳ ಮೆತ್ತಗೆ ಬರೆದಿರುತ್ತಾರೆ, ಆದರೂ ‘ಕಾಯಂ ಬೋಧಕರ ಸಂಖ್ಯೆ ಹೆಚ್ಚಬೇಕು’ ಎಂಬ ಸಾಲು ಕಂಡರೆ ಅದನ್ನು ಜೋರು ದನಿಯಲ್ಲೇ ಓದಿಕೊಳ್ಳಿ.

ಕೋರ್ಸನ್ನೇ ಪ್ರತ್ಯೇಕವಾಗಿ ನೋಡಿ ಮಾನ್ಯತೆ ಕೊಡುವ ಸಂಸ್ಥೆ ಎನ್‌ಬಿಎ. ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ತೂಕ ಹೆಚ್ಚು. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದದ್ದು ಈ ಸಂಸ್ಥೆಯ ಮೂಲಕ. ಮಾನ್ಯತೆ ಬ್ರಾಂಚುವಾರು ಸಿಗುತ್ತದೆ, 3 ವರ್ಷಕ್ಕೆ ಇಲ್ಲವೇ 6 ವರ್ಷಕ್ಕೆ. ‘ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು’ ಅಂತ ಬೋರ್ಡು ಹಾಕಿಕೊಂಡವರಲ್ಲಿ ಒಂಬತ್ತು ಬ್ರಾಂಚಿದ್ದು ನಾಲ್ಕಕ್ಕೆ ಮಾತ್ರ ಮಾನ್ಯತೆ ಇರುವುದು ಸಾಮಾನ್ಯ. ಹೊಸ ಬ್ರಾಂಚುಗಳಿಗಂತೂ, ಅಂದರೆ ಎಐ-ಎಂಎಲ್, ಡೇಟಾ ಸೈನ್ಸ್ ಇತ್ಯಾದಿಗಳಿಗೆ, ಒಂದೆರಡು ಬ್ಯಾಚ್ ಪಾಸಾಗಿ ಹೊರಬರುವ ತನಕ ಅರ್ಜಿ ಹಾಕುವುದಕ್ಕೇ ಅವಕಾಶ ಇರುವುದಿಲ್ಲ. ಎನ್‌ಬಿಎ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿ ನಿಮ್ಮ ಬ್ರಾಂಚು ಇದೆಯೇ, ಯಾವ ಶೈಕ್ಷಣಿಕ ವರ್ಷದವರೆಗೆ ಇದೆ ನೋಡಿ. ಐದು ನಿಮಿಷದ ಕೆಲಸ.

ಬಿಎ, ಬಿಎಸ್ಸಿ, ಬಿಕಾಂಗೆ ಈ ಅನುಕೂಲ ಇಲ್ಲ. ಅಲ್ಲಿ ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕವಾದ ಎನ್‌ಐಆರ್‌ಎಫ್ ಹಿಡಿಯಬೇಕು. ಅದರ ರ‍್ಯಾಂಕು ಬೇಕಿಲ್ಲ; ರ‍್ಯಾಂಕಿಗೆಂದು ಕಾಲೇಜು ಸಲ್ಲಿಸಿದ ದತ್ತಾಂಶದ ಪಿಡಿಎಫ್ ಬೇಕು. ಅರ್ಜಿ ಹಾಕಿದ ಕಾಲೇಜು ಅದನ್ನು ತನ್ನ ಜಾಲತಾಣದಲ್ಲಿ ಇಡಬೇಕು, ಸಾಮಾನ್ಯವಾಗಿ ಪುಟದ ತೀರಾ ಕೆಳಗೆ ಸಣ್ಣಕ್ಷರದ ಕೊಂಡಿಯಾಗಿ ಇಟ್ಟಿರುತ್ತಾರೆ. ಅದರಲ್ಲಿ ಒಂದು ಕೋಷ್ಟಕ: ಮೊದಲ ವರ್ಷಕ್ಕೆ ಮಂಜೂರಾದ ಸೀಟು, ಸೇರಿದವರು, ನಿಗದಿತ ಅವಧಿಯಲ್ಲೇ ಪದವಿ ಮುಗಿಸಿದವರು, ಕೆಲಸ ಸಿಕ್ಕವರು, ಅವರ ಮೀಡಿಯನ್ ಸಂಬಳ, ಮೇಲಿನ ಓದಿಗೆ ಹೋದವರು. ಮೀಡಿಯನ್ ಅಂದರೆ ಎಲ್ಲರ ಸಂಬಳವನ್ನೂ ಸಾಲಾಗಿ ನಿಲ್ಲಿಸಿದಾಗ ನಡುವೆ ನಿಂತವರದ್ದು. ಹೋರ್ಡಿಂಗಿನ ಮೇಲಿನ 40 ಲಕ್ಷದ ಪ್ಯಾಕೇಜು ಯಾರೋ ಒಬ್ಬರದ್ದು. ಈ ಕೋಷ್ಟಕದ ಮೀಡಿಯನ್ 4 ಲಕ್ಷವೋ 6 ಲಕ್ಷವೋ ಅನ್ನುವುದೇ ನಿಮಗೆ ಬೇಕಾದ ಸಂಗತಿ. ಒಂದು ಕೊರತೆ ಮಾತ್ರ ಇದೆ. ಇಲ್ಲಿ ಮೂರು ವರ್ಷದ ಕೋರ್ಸುಗಳನ್ನೆಲ್ಲ ಒಂದೇ ಬುಟ್ಟಿಗೆ, ನಾಲ್ಕು ವರ್ಷದವನ್ನೆಲ್ಲ ಇನ್ನೊಂದು ಬುಟ್ಟಿಗೆ ಹಾಕಿರುತ್ತಾರೆ. ಸಿವಿಲ್, ಕಂಪ್ಯೂಟರ್ ಸೈನ್ಸ್ ಎರಡರ ಸಂಬಳವೂ ಕಲಸಿಹೋಗಿರುತ್ತದೆ. ಹಾಗಾಗಿ ಅದೇ ಕೋಷ್ಟಕವನ್ನು ಬ್ರಾಂಚುವಾರು ಕೊಡಿ ಅಂತ ಕೇಳಬೇಕು. ಕೊಡಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಫಲಿತಾಂಶದ ಶೇಕಡಾವಾರು ಹೇಳುವಾಗ ಕಾಲೇಜು ಯಾವ ಸಂಖ್ಯೆಯಿಂದ ಭಾಗಿಸಿದೆ ಅನ್ನುವುದರಲ್ಲೇ ಎಲ್ಲ ಆಟ. ಒಂದು ಬಿಸಿಎ ತೆಗೆದುಕೊಳ್ಳಿ, ಲೆಕ್ಕಕ್ಕೆ ಮಾತ್ರ. ಮೊದಲ ವರ್ಷ ಸೇರಿದವರು 120. ಬಿಟ್ಟುಹೋದವರು, ಅಟೆಂಡೆನ್ಸ್ ಶಾರ್ಟೇಜ್ ಆದವರನ್ನು ಕಳೆದು ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಕೂತವರು 90. ಪಾಸಾದವರು 84. ಕಾಲೇಜು ‘ಶೇ 93 ಫಲಿತಾಂಶ’ ಅನ್ನುತ್ತದೆ, 84ನ್ನು 90ರಿಂದ ಭಾಗಿಸಿದರೆ ಹೌದು. ಆದರೆ ಆ 84ರಲ್ಲಿ 24 ಜನರಿಗೆ ಹಿಂದಿನ ಸೆಮಿಸ್ಟರುಗಳ ಬ್ಯಾಕ್‌ಲಾಗ್ ಇನ್ನೂ ಉಳಿದಿದ್ದರೆ ಮೂರು ವರ್ಷದಲ್ಲಿ ಡಿಗ್ರಿ ಕೈಗೆ ಬಂದದ್ದು 60 ಜನರಿಗೆ. ಸೇರಿದ 120ಕ್ಕೆ ಶೇ 50. ಎರಡು ಅಂಕಿಯೂ ಒಂದೇ ತರಗತಿಯದ್ದು. ಎನ್‌ಬಿಎ ವರದಿಯಲ್ಲಿ ‘ಯಾವ ಸೆಮಿಸ್ಟರಿನಲ್ಲೂ ಬ್ಯಾಕ್‌ಲಾಗ್ ಇಲ್ಲದೆ ಮುಗಿಸಿದವರು’, ‘ನಿಗದಿತ ಅವಧಿಯಲ್ಲಿ ಮುಗಿಸಿದವರು’ ಅಂತ ಎರಡು ಬೇರೆ ಸಾಲು ಕೇಳುತ್ತ ಬಂದದ್ದು ಇದೇ ಕಾರಣಕ್ಕೆ. ನೀವು ಕೇಳಬೇಕಾದ್ದೂ ಇಷ್ಟೇ: ಮೂರು ವರ್ಷದ ಹಿಂದೆ ಸೇರಿದವರು ಎಷ್ಟು, ಅವರಲ್ಲಿ ಈ ಸಲ ಕ್ಲಿಯರ್ ಮಾರ್ಕ್ಸ್ ಕಾರ್ಡ್ ಪಡೆದವರು ಎಷ್ಟು?

ಕಾಲೇಜಿನವರು ಬಾಯಿ ಬಿಡದಿದ್ದರೆ ನೋಟಿಸ್ ಬೋರ್ಡು ಹೇಳುತ್ತದೆ. ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಸೆಮಿಸ್ಟರ್ ಪರೀಕ್ಷೆಯ ದಿನಗಳಲ್ಲಿ ಹಾಲ್‌ವಾರು ಸೀಟಿಂಗ್ ಪಟ್ಟಿ ಅಂಟಿಸಿರುತ್ತಾರೆ. ಯುಎಸ್‌ಎನ್‌ನಲ್ಲಿ, ಅಂದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಲ್ಲಿ, ಮೊದಲ ಅಂಕಿ ವಲಯ, ಬೆಂಗಳೂರಿಗೆ 1; ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷದ ಎರಡಂಕಿ, ಬ್ರಾಂಚಿನ ಎರಡಕ್ಷರ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. 400ರ ಸರಣಿಯವರು ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು. ಮೂರನೇ ಸೆಮಿಸ್ಟರಿನ ಗಣಿತ ಪತ್ರಿಕೆಗೆ ಈಗಿನ ಬ್ಯಾಚಿನವರ ಜೊತೆ ಅದಕ್ಕಿಂತ ಒಂದು, ಎರಡು, ಮೂರು ವರ್ಷ ಹಿಂದಿನ ಸಂಖ್ಯೆಗಳು ಎಷ್ಟು ಬಂದು ಕೂತಿವೆ ಎಣಿಸಿ. ಸ್ಕೀಮ್, ಅಂದರೆ ಪಠ್ಯಕ್ರಮದ ಆವೃತ್ತಿ, ಬದಲಾಗಿದ್ದರೆ ಹಳಬರ ವಿಷಯದ ಕೋಡ್ ಬೇರೆ ಇರುತ್ತದೆ, ಅದೇ ದಿನದ ಪಟ್ಟಿಯಲ್ಲೇ ಹುಡುಕಿ. ನಾಲ್ಕೈದು ಇದ್ದರೆ ಸಹಜ. ಒಂದು ಕೋಣೆ ತುಂಬ ಇದ್ದರೆ ಆ ವಿಷಯ ಅಲ್ಲಿ ವರ್ಷಗಳಿಂದ ಸರಿಯಾಗಿ ನಡೆಯುತ್ತಿಲ್ಲ.

ಇನ್ನು ಪಾಠ ಮಾಡುವವರು. ಎಂಜಿನಿಯರಿಂಗ್‌ಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಹೇಳುವುದು 20 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ. ಕಂಪ್ಯೂಟರ್ ಸೈನ್ಸ್‌ಗೆ 180 ಸೀಟು ಇದೆ ಅಂದುಕೊಳ್ಳಿ. ಎರಡನೇ ವರ್ಷದಿಂದ ನಾಲ್ಕನೇ ವರ್ಷದವರೆಗೆ 540 ಜನ, ಅಂದರೆ ವಿಭಾಗದಲ್ಲಿ 27 ಮಂದಿ ಬೇಕು. ಡಿಪ್ಲೊಮಾದವರನ್ನೂ ಸೇರಿಸಿದರೆ 30ರ ಹತ್ತಿರ. ವಿಭಾಗದ ಪುಟದಲ್ಲಿ ಹೆಸರು ಎಣಿಸಿ. ಎಣಿಸಿದ ಮೇಲೆ ಎಐ-ಎಂಎಲ್, ಡೇಟಾ ಸೈನ್ಸ್ ವಿಭಾಗದ ಪುಟ ತೆಗೆದು ಅದೇ ಹೆಸರುಗಳು ಅಲ್ಲೂ ಇವೆಯೇ ನೋಡಿ. ಸೀಟಿನ ಮಿತಿ ಸಡಿಲವಾದ ಮೇಲೆ ಕಂಪ್ಯೂಟರ್ ಸಂಬಂಧಿ ಸೆಕ್ಷನ್ನುಗಳು ಹೆಚ್ಚಿದ ವೇಗಕ್ಕೆ ಲೆಕ್ಚರರುಗಳು ಸಿಗುತ್ತಿಲ್ಲ, ಇದು ಬೆಂಗಳೂರಿನ ಎಲ್ಲ ಪ್ರಾಂಶುಪಾಲರಿಗೂ ಗೊತ್ತು. 2024ರಲ್ಲಿ ತಮಿಳುನಾಡಿನಲ್ಲಿ ಅಣ್ಣಾ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಒಬ್ಬರೇ ಬೋಧಕರ ಹೆಸರು ಹಲವು ಕಾಲೇಜುಗಳ ಪಟ್ಟಿಯಲ್ಲಿದ್ದದ್ದು ಬಯಲಾಯಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತರಗತಿಯಲ್ಲಿ ಅವರು ಇದ್ದಾರೆ ಅಂತಲ್ಲ.

ಬೋಧಕರ ಪಟ್ಟಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಸೇರಿದ ದಿನಾಂಕದ ಕಾಲಮ್ಮಿಗೆ. ಪಿಎಚ್‌ಡಿ ಎಷ್ಟು ಮಂದಿಗೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಆದರೆ ಅರ್ಧ ವಿಭಾಗ ಕಳೆದ ಎರಡು ವರ್ಷದಲ್ಲಿ ಬಂದದ್ದಾಗಿದ್ದರೆ ಜನ ನಿಲ್ಲುತ್ತಿಲ್ಲ ಎಂದರ್ಥ. ಸಂಬಳ ಸರಿಯಿಲ್ಲ, ಇಲ್ಲವೇ ಅಡ್ಮಿಶನ್ ಗುರಿ, ಫೈಲು ಕೆಲಸ ಅಂತ ಲೆಕ್ಚರರುಗಳನ್ನು ಹಿಂಡುತ್ತಿದ್ದಾರೆ. ಸೆಮಿಸ್ಟರ್ ಮಧ್ಯದಲ್ಲಿ ಒಬ್ಬರು ಬಿಟ್ಟರೆ ಆ ವಿಷಯವನ್ನು ಟೈಂಟೇಬಲ್ಲಿನಲ್ಲಿ ಖಾಲಿ ಇದ್ದ ಯಾರಿಗೋ ಕಟ್ಟುತ್ತಾರೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಕತೆಯೇ ಬೇರೆ. ಅಲ್ಲಿನ ಪಾಠ ಬಹಳ ಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರಲ್ಲಿ ಅಧ್ಯಾಪಕ ಅರ್ಹತೆಯ ನೆಟ್, ಕೆ-ಸೆಟ್ ಪರೀಕ್ಷೆ ಪಾಸಾದವರು, ಹತ್ತಾರು ವರ್ಷ ಪಾಠ ಮಾಡಿದವರು ಸಾಕಷ್ಟು ಮಂದಿ. ಅಡಚಣೆ ಇರುವುದು ಅವರ ಯೋಗ್ಯತೆಯಲ್ಲಿ ಅಲ್ಲ, ನೇಮಕಾತಿ ಆದೇಶ ಹೊರಡುವ ದಿನಾಂಕದಲ್ಲಿ. ಸೆಮಿಸ್ಟರ್ ಶುರುವಾಗಿ ವಾರಗಳು ಕಳೆದ ಮೇಲೆ ಆದೇಶ ಬಂದರೆ ಹದಿನೈದು-ಹದಿನಾರು ವಾರದ ಪಾಠ ಹತ್ತು ವಾರಕ್ಕೆ ಇಳಿಯುತ್ತದೆ. ಹಾಗಾಗಿ ಇಲ್ಲಿ ಕೇಳಬೇಕಾದ್ದು ‘ಕಾಯಂ ಎಷ್ಟು ಜನ’ ಅಂತಲ್ಲ, ‘ಕಳೆದ ವರ್ಷ ನಿಮ್ಮ ವಿಭಾಗದಲ್ಲಿ ಮೊದಲ ತರಗತಿ ಯಾವತ್ತು ನಡೆಯಿತು’ ಅಂತ. ಹಾಜರಿ ಪುಸ್ತಕದಲ್ಲಿ ಅದು ಇದ್ದೇ ಇರುತ್ತದೆ. ಸರ್ಕಾರಿ, ಅನುದಾನಿತ ಕಾಲೇಜಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಒಂದರಲ್ಲೇ ಎಲ್ಲ ತುರುಕಿದರೆ ವಾಪಸ್ ಕಳಿಸಲು ಅದೇ ನೆಪವಾಗುತ್ತದೆ. ಪ್ರವೇಶದ ಗಡಿಬಿಡಿಯಲ್ಲಿ 30 ದಿನ ಕಾಯಲಾಗದು, ಫೆಬ್ರವರಿ-ಮಾರ್ಚಿನಲ್ಲೇ ಹಾಕಿಡಿ.

ಪ್ರಶ್ನೆಪತ್ರಿಕೆ ಓದುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ, ಆದರೆ ಯಾವ ಪತ್ರಿಕೆ ಅನ್ನುವುದು ತಿಳಿದಿರಬೇಕು. ಸಂಯೋಜಿತ ಕಾಲೇಜಿನಲ್ಲಿ ಸೆಮಿಸ್ಟರ್ ಪತ್ರಿಕೆ ವಿಶ್ವವಿದ್ಯಾಲಯದ್ದು, ಅದು ಎಲ್ಲ ಕಾಲೇಜಿಗೂ ಒಂದೇ. ಅಲ್ಲಿ ಕಾಲೇಜೇ ನಡೆಸುವ ಇಂಟರ್ನಲ್ಸ್ ಪರೀಕ್ಷೆಯ ಪತ್ರಿಕೆ ಕೇಳಿ. ಸ್ವಾಯತ್ತ ಕಾಲೇಜಿನಲ್ಲಿ ಸೆಮಿಸ್ಟರ್ ಪತ್ರಿಕೆಯೂ ಅವರದ್ದೇ, ಹಾಗಾಗಿ ಅದನ್ನೇ ನೋಡಬಹುದು. ಒಂದೇ ವಿಷಯದ ಮೂರು ವರ್ಷದ ಪತ್ರಿಕೆಗಳನ್ನು ಅಕ್ಕಪಕ್ಕ ಇಡಿ. ಡೇಟಾ ಸ್ಟ್ರಕ್ಚರ್ಸ್ ಆದರೆ, ‘ಸ್ಟ್ಯಾಕ್ ಎಂದರೇನು? ಅದರ ಕಾರ್ಯಗಳನ್ನು ವಿವರಿಸಿ’ ಅನ್ನುವುದು ನೋಟ್ಸಿನ ಪ್ರಶ್ನೆ. ‘ಕೊಟ್ಟಿರುವ ಇನ್‌ಫಿಕ್ಸ್ ಉಕ್ತಿಯನ್ನು ಪೋಸ್ಟ್‌ಫಿಕ್ಸ್‌ಗೆ ಬದಲಿಸಿ, ಪ್ರತಿ ಹಂತದಲ್ಲೂ ಸ್ಟ್ಯಾಕಿನಲ್ಲಿ ಏನಿದೆ ಬರೆಯಿರಿ’ ಅನ್ನುವುದು ಕೆಲಸದ ಪ್ರಶ್ನೆ. ಆದರೆ ಅದೇ ಉಕ್ತಿ ಮೂರು ವರ್ಷವೂ ಬಂದರೆ ಹಾಡಿದ್ದೇ ಹಾಡೋ ಕಿಸುಬಾಯಿ ದಾಸ. ಉತ್ತರವನ್ನು ಹುಡುಗರು ಬಾಯಿಪಾಠ ಮಾಡಿರುತ್ತಾರೆ. ಪಕ್ಕದಲ್ಲಿ ಎಲ್3 (ಕಲಿತದ್ದನ್ನು ಬಳಸುವುದು) ಅಂತ ಬ್ಲೂಮ್ ಮಟ್ಟ, ಅಂದರೆ ಪ್ರಶ್ನೆಗೆ ಬೇಕಾದ ಯೋಚನೆಯ ಮಟ್ಟ, ಅಚ್ಚಾಗಿದ್ದರೂ ಅದು ನಿಜಕ್ಕೂ ಎಲ್1, ಬರೀ ನೆನಪು. ಬಿಕಾಂನ ಅಕೌಂಟೆನ್ಸಿಗೆ ಈ ಲೆಕ್ಕ ಸ್ವಲ್ಪ ಸಡಿಲ; ಅಲ್ಲಿ ಅಂಕಿ ಬದಲಾದರೂ ಸಾಕು, ಬ್ಯಾಲೆನ್ಸ್ ಶೀಟ್ ಹೊಸದಾಗಿ ಕೂರಿಸಲೇಬೇಕು.

ವಿಟಿಯು ಮಾದರಿಯಲ್ಲಿ ಐದು ಮಾಡ್ಯೂಲು, ಪ್ರತಿಯೊಂದರಲ್ಲೂ 20 ಅಂಕದ ಎರಡು ಪೂರ್ಣ ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು. ಒಂದು ಮಾಡ್ಯೂಲನ್ನು ಪೂರ್ತಿ ಬಿಟ್ಟರೂ 80 ಅಂಕದ ಪತ್ರಿಕೆ ಕೈಯಲ್ಲಿರುತ್ತದೆ. ಹಾಗಾಗಿ ಪಾಠ ಮಾಡುವವರು ಐದನೇ ಮಾಡ್ಯೂಲಿಗೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿದ್ದರೂ ಫಲಿತಾಂಶದಲ್ಲಿ ಅದು ಕಾಣುವುದಿಲ್ಲ. ಪಠ್ಯಕ್ರಮದ ಹಾಳೆಯಲ್ಲಿ ವಿಷಯಕ್ಕೆ ಎಷ್ಟು ಗಂಟೆ ಪಾಠ ಅಂತ ಅಚ್ಚಾಗಿರುತ್ತದೆ, 40 ಅಥವಾ 50 ಅಂತ. ಅಲ್ಲಿ ಓದುತ್ತಿರುವ ಯಾರನ್ನಾದರೂ ಕೇಳಿ: ನಿಮ್ಮ ಅಟೆಂಡೆನ್ಸ್ ಆ್ಯಪಿನಲ್ಲಿ ಆ ವಿಷಯಕ್ಕೆ ಒಟ್ಟು ಎಷ್ಟು ಕ್ಲಾಸ್ ಆಗಿವೆ? 50 ಗಂಟೆಯ ವಿಷಯಕ್ಕೆ 31 ಕ್ಲಾಸ್ ಆಗಿದ್ದರೆ, ಶೇ 85 ಹಾಜರಾತಿ ಇದ್ದ ಹುಡುಗ ಕೇಳಿದ್ದು 26 ಗಂಟೆ ಪಾಠ.

ಬ್ಲೂ ಬುಕ್, ಅಂದರೆ ಇಂಟರ್ನಲ್ಸ್ ಉತ್ತರ ಬರೆದ ಪುಸ್ತಕ, ಸಿಕ್ಕರೆ ತೆರೆದು ನೋಡಿ. ಸರಿಯಾಗಿ ತಿದ್ದಿದ ಪುಸ್ತಕದಲ್ಲಿ ತಪ್ಪಿನ ಜಾಗದಲ್ಲಿ ಗೆರೆ ಇರುತ್ತದೆ, ಅರ್ಧ ಅಂಕ ಎಲ್ಲಿ ಹೋಯಿತು ಅನ್ನುವುದು ಕಾಣುತ್ತದೆ, ಉಪಪ್ರಶ್ನೆವಾರು ಅಂಕ ಮುಖಪುಟದ ಕೋಷ್ಟಕಕ್ಕೆ ತಾಳೆಯಾಗುತ್ತದೆ. ಬರೀ ಟಿಕ್ಕು ಹಾಕಿ ಹೊರಗೆ 24/25 ಬರೆದಿದ್ದರೆ ಅದು ದಾಖಲೆಗೆ ಮಾಡಿದ ಕೆಲಸ. ಇಡೀ ತರಗತಿಯ ಇಂಟರ್ನಲ್ಸ್ ಸರಾಸರಿ 50ಕ್ಕೆ 45 ಇದ್ದು ಅದೇ ವಿಷಯದ ಸೆಮಿಸ್ಟರ್ ಪರೀಕ್ಷೆಯ ಸರಾಸರಿ 50ಕ್ಕೆ 24 ಇದ್ದರೆ ಆಂತರಿಕ ಅಂಕವನ್ನು ಧಾರಾಳವಾಗಿ ಹಂಚಿದ್ದಾರೆ. 8-10 ಅಂಕದ ವ್ಯತ್ಯಾಸ ಎಲ್ಲ ಕಡೆ ಇದ್ದದ್ದೇ. ಸ್ವಾಯತ್ತ ಕಾಲೇಜಿನಲ್ಲಿ ಎರಡೂ ಒಳಗಿನವರದ್ದೇ ಆದ್ದರಿಂದ ಈ ಅಂತರ ಮುಚ್ಚಿಹೋಗುತ್ತದೆ. ಅಲ್ಲಿ ಅಧ್ಯಯನ ಮಂಡಳಿಯ ನಡಾವಳಿ ತರಿಸಿಕೊಂಡು ಹೊರಗಿನ ಸದಸ್ಯರು ಯಾರು, ಪಠ್ಯದಲ್ಲಿ ಯಾವ ಸಾಲು ಬದಲಾಯಿತು ನೋಡಿ. ‘ಚರ್ಚಿಸಿ ಅನುಮೋದಿಸಲಾಯಿತು’ ಅಂತ ಮಾತ್ರ ಇದ್ದರೆ ಚಹಾ-ಬಿಸ್ಕತ್ತಿನ ಸಭೆ.

ಕಾಲೇಜಿನವರು ಹೆಮ್ಮೆಯಿಂದ ತೋರಿಸುವ ಇನ್ನೊಂದು ಕಡತ ಸಿಒ-ಪಿಒ ಅಟೈನ್‌ಮೆಂಟ್. ಪ್ರತಿ ವಿಷಯಕ್ಕೂ ‘ಇದನ್ನು ಕಲಿತ ಮೇಲೆ ವಿದ್ಯಾರ್ಥಿ ಇದನ್ನು ಮಾಡಬಲ್ಲ’ ಎಂಬ ನಾಲ್ಕೈದು ಸಾಲು ಬರೆದು, ಪರೀಕ್ಷೆಯ ಅಂಕದಿಂದ ಅದು ಎಷ್ಟರಮಟ್ಟಿಗೆ ಆಯಿತು ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವುದು. ಪದ್ಧತಿ ಒಳ್ಳೆಯದೇ. ಕೆಡುವುದು ಮೂರು ಕಡೆ: ಗುರಿಯನ್ನೇ ಕೆಳಗೆ ಇಡುತ್ತಾರೆ, ಉದಾರವಾಗಿ ಕೊಟ್ಟ ಇಂಟರ್ನಲ್ಸ್ ಅಂಕವನ್ನೇ ಅದಕ್ಕೆ ತುಂಬುತ್ತಾರೆ, ವಿಷಯದ ಗುರಿ ಕೋರ್ಸಿನ ಗುರಿಗೆ ಎಷ್ಟು ಹೊಂದುತ್ತದೆ ಎಂಬ ಕೋಷ್ಟಕದಲ್ಲಿ ಕಣ್ಣುಮುಚ್ಚಿ ಎಲ್ಲ ಕಡೆ ಗರಿಷ್ಠ 3 ಹಾಕುತ್ತಾರೆ. ಮೂರು ವರ್ಷ ಎಲ್ಲ ವಿಷಯದಲ್ಲೂ ‘ಗುರಿ ಮುಟ್ಟಿದೆ’ ಅಂತ ಇರುವ ಕಡತಕ್ಕಿಂತ, ಎರಡು ವಿಷಯದಲ್ಲಿ ಮುಟ್ಟಲಿಲ್ಲ, ಮುಂದಿನ ವರ್ಷ ಟ್ಯುಟೋರಿಯಲ್ ಗಂಟೆ ಸೇರಿಸಿದೆವು ಅಂತ ಇರುವ ಕಡತವನ್ನು ನಂಬಿ.

ಲ್ಯಾಬ್ ವಿಷಯ ಚಿಕ್ಕದು. ಸಾಮಾನು ಎಷ್ಟಿದೆ ಅನ್ನುವುದಕ್ಕಿಂತ ಒಂದು ಬ್ಯಾಚಿಗೆ ಎಷ್ಟು ಜನ, ಒಂದು ಯಂತ್ರಕ್ಕೆ ಎಷ್ಟು ಜನ ಕೇಳಿ. ನಾಲ್ಕು ಜನ ಸುತ್ತ ನಿಂತರೆ ಒಬ್ಬ ಮಾಡುತ್ತಾನೆ, ಮೂವರು ರೀಡಿಂಗ್ ಕಾಪಿ ಹೊಡೆಯುತ್ತಾರೆ.

ಪದವಿ ಕೋರ್ಸುಗಳಿಗೆ ಇನ್ನೊಂದು ಎಚ್ಚರಿಕೆ. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಪದ್ಧತಿಗೆ ಹೋಗಿ, 2024-25ರಿಂದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದಿತು. ಖಾಸಗಿ, ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಸಿಗುತ್ತದೆ. ಅದರ ಮೇಲೆ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಗಿ ಒಡೆದಿರುವುದರಿಂದ ಒಂದೇ ಊರಿನ ಎರಡು ಬಿಕಾಂಗಳು ಬೇರೆ ಬೇರೆ ಪಠ್ಯದವು ಆಗಿರಬಹುದು. ಯಾವ ವಿಶ್ವವಿದ್ಯಾಲಯ, ಯಾವ ಸ್ಕೀಮ್, ಆರೂ ಸೆಮಿಸ್ಟರಿನ ಪಠ್ಯಕ್ರಮ ಪ್ರಕಟವಾಗಿದೆಯೇ ಅಂತ ಕೇಳಿ. ಬಿಸಿಎ, ಬಿಬಿಎಗಳಿಗೆ 2024-25ರಿಂದ ಎಐಸಿಟಿಇ ಅನುಮೋದನೆ ಪತ್ರವೂ ಇರುತ್ತದೆ. ಅದರಲ್ಲಿರುವ ಸೀಟಿನ ಸಂಖ್ಯೆಯನ್ನು ಅವರು ನಡೆಸುತ್ತಿರುವ ಸೆಕ್ಷನ್ನುಗಳ ಜೊತೆ ತಾಳೆ ನೋಡಿ.

ಪ್ಲೇಸ್‌ಮೆಂಟಿನಲ್ಲಿ ‘ಆಫರ್’ ಬೇರೆ, ‘ಆಫರ್ ಸಿಕ್ಕ ವಿದ್ಯಾರ್ಥಿ’ ಬೇರೆ. ಒಬ್ಬಳಿಗೆ ಮೂರು ಆಫರ್ ಬಂದರೆ ಪೋಸ್ಟರಿನಲ್ಲಿ ಮೂರು. ಶೇ 100 ಅನ್ನುವುದು ಬಹುತೇಕ ಕಡೆ ‘ಅರ್ಹರಾಗಿ ಹೆಸರು ನೋಂದಾಯಿಸಿದವರಲ್ಲಿ’ ಅನ್ನುವ ಲೆಕ್ಕ. ಬ್ಯಾಕ್‌ಲಾಗ್ ಇದ್ದವರು, 6.5 ಸಿಜಿಪಿಎ ದಾಟದವರು ಆ ಪಟ್ಟಿಯಲ್ಲೇ ಇರುವುದಿಲ್ಲ. ಆಫರ್ ಬಂದವರಲ್ಲಿ ಎಷ್ಟು ಜನಕ್ಕೆ ಸೇರುವ ದಿನಾಂಕ ಬಂತು ಅನ್ನುವುದನ್ನೂ ಕೇಳಿ.

ಕಾಲೇಜು ನೋಡಲು ಹೋಗುವುದಾದರೆ ಓಪನ್ ಡೇ ಬಿಟ್ಟು ಸೆಮಿಸ್ಟರ್ ನಡೆಯುತ್ತಿರುವ ವಾರದ ಮಧ್ಯೆ, ಮಧ್ಯಾಹ್ನ ಎರಡೂವರೆ ಹೊತ್ತಿಗೆ ಹೋಗಿ. ಬೆಳಗ್ಗೆ ಒಂಬತ್ತಕ್ಕೆ ಎಲ್ಲ ಕಾಲೇಜೂ ಚೆನ್ನಾಗಿ ನಡೆಯುತ್ತವೆ. ಟೈಂಟೇಬಲ್ ನೋಡಿಕೊಂಡು ಆ ಹೊತ್ತಿಗೆ ಪಾಠ ಇರಬೇಕಾದ ಕೋಣೆಯ ಮುಂದೆ ಹಾದುಹೋಗಿ. ಕ್ಯಾಂಟೀನಿನಲ್ಲಿ ಐದನೇ ಸೆಮಿಸ್ಟರಿನವರನ್ನು ಮಾತಿಗೆಳೆಯಿರಿ. ಮೊದಲ ವರ್ಷದವರಿಗೆ ಇನ್ನೂ ಏನೂ ಗೊತ್ತಿರುವುದಿಲ್ಲ, ಕೊನೆಯ ವರ್ಷದವರ ತಲೆ ತುಂಬ ಪ್ಲೇಸ್‌ಮೆಂಟು. ‘ಕಾಲೇಜು ಹೇಗಿದೆ’ ಅಂದರೆ ‘ಪರವಾಗಿಲ್ಲ ಅಂಕಲ್’ ಅಂದುಬಿಡುತ್ತಾರೆ. ‘ಹೋದ ಸೆಮ್ಮಲ್ಲಿ ಯಾವ ಸಬ್ಜೆಕ್ಟಿಗೆ ಸರ್ ಬದಲಾದರು, ಬ್ಲೂ ಬುಕ್ ಎಷ್ಟು ದಿನಕ್ಕೆ ವಾಪಸ್ ಕೊಟ್ಟರು’ ಅಂತ ಕೇಳಿದರೆ ಮಾತು ಹೊರಡುತ್ತದೆ.

ಸಿಇಟಿ ಸೀಟಾದರೆ ಅಣಕು ಹಂಚಿಕೆ ಬಂದ ಮೇಲೆ ಆಪ್ಷನ್ ತಿದ್ದಲು ಪರೀಕ್ಷಾ ಪ್ರಾಧಿಕಾರ (ಕೆಇಎ) ಕೊಡುವ ದಿನಗಳನ್ನು ಈ ಓಡಾಟಕ್ಕೆ ಇಟ್ಟುಕೊಳ್ಳಿ. ಸೀಟು ಹಂಚಿಕೆಯಾದ ಮೇಲೆ ಅನುಮಾನ ಉಳಿದಿದ್ದರೆ ಚಾಯ್ಸ್ 1 ಒತ್ತಬೇಡಿ, ಒತ್ತಿದರೆ ಮುಂದಿನ ಸುತ್ತು ಇಲ್ಲ. ಚಾಯ್ಸ್ 2ರಲ್ಲಿ ಈ ಸೀಟು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು. ಆಡಳಿತ ಮಂಡಳಿ ಸೀಟು ಅಥವಾ ಖಾಸಗಿ ವಿಶ್ವವಿದ್ಯಾಲಯವಾದರೆ ಹಣ ಕಟ್ಟುವ ಮುನ್ನ ವಾಪಸಾತಿ ನಿಯಮವನ್ನು ಬರಹದಲ್ಲಿ ಪಡೆಯಿರಿ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಕೊನೆಯ ದಿನಕ್ಕೆ 15 ದಿನವೂ ಉಳಿದಿಲ್ಲದಾಗ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಆಯಾ ವರ್ಷ ಯುಜಿಸಿ ಪ್ರತ್ಯೇಕ ಸುತ್ತೋಲೆ ಹೊರಡಿಸಿದ್ದರೆ ಅದೇ ಅನ್ವಯ. ಮೂಲ ಮಾರ್ಕ್ಸ್ ಕಾರ್ಡನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು. ಕೌಂಟರಿನಲ್ಲಿ ‘ಆಮೇಲೆ ಬಂದು ತಗೊಳ್ಳಿ’ ಅಂದರೆ ಜೆರಾಕ್ಸ್ ಕೊಟ್ಟು, ಮೂಲಪ್ರತಿ ಕೈಗೆ ಬರುವ ತನಕ ಅಲ್ಲೇ ನಿಲ್ಲಿ.